ಬ್ರೇಕ್ ಹಾಕೋದಾ, ಬಿಡೋದಾ? ಅರೆಬೈಲು ಘಟ್ಟ, ಹತ್ತಿಗಾಡಿ ಮತ್ತು ಒಂದು ಹಸಿರು ಫ್ಯೂಸ್

[ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಳ್ಳಲಾಗಿದೆ.]

ಇವತ್ತಿನ ಸಂಚಿಕೆ ಒಂದು ಫ್ಯೂಸ್ ಬಗ್ಗೆ. ಹಸಿರು ಬಣ್ಣದ್ದು, ಉಗುರಿನಷ್ಟು ದೊಡ್ಡದು, ಅಂಗಡೀಲಿ ಚಿಲ್ಲರೆ ಕಾಸಿಗೆ ಸಿಗುತ್ತೆ. ಆ ಫ್ಯೂಸ್ ನನ್ನ ಭಾವನನ್ನ ಅರೆಬೈಲು ಘಟ್ಟದಲ್ಲಿ ಕೊಲ್ಲೋದರಲ್ಲಿತ್ತು.

ಮೊದಲೇ ಹೇಳಿಬಿಡ್ತೀನಿ, ನಾನು ಬಿ.ಕಾಂ. ಓದಿದವಳು. ಡೆಬಿಟ್ ಕ್ರೆಡಿಟ್ ಕೇಳಿದ್ರೆ ನಿದ್ದೆಯಲ್ಲೂ ಹೇಳ್ತೀನಿ, ಆಂಪಿಯರ್ ಕೇಳಿದ್ರೆ ಒಂದು ಕ್ಷಣ ಯೋಚನೆ ಮಾಡಬೇಕು. ಆದ್ರೆ ಈ ಘಟನೆ ಆದ್ಮೇಲೆ ಮೂರು ತಿಂಗಳು ಇದರ ಹಿಂದೇ ಬಿದ್ದಿದ್ದೆ. ಹಾಗಾಗಿ ಇದು ಮೆಕ್ಯಾನಿಕ್ ಕ್ಲಾಸ್ ಅಲ್ಲ, ಒಂದು ಪ್ರಶ್ನೆಯ ಚರಿತ್ರೆ. ಹಿಂದೆ ಕಟ್ಟಿದ ಗಾಡಿಯನ್ನ ಇಳಿಜಾರಲ್ಲಿ ನಿಲ್ಲಿಸೋದು ಹೇಗೆ ಅನ್ನೋದು ಆ ಪ್ರಶ್ನೆ.

ಭಾವ ಅಂದ್ರೆ ನನ್ನ ಅತ್ತೆ ಮಗ. ಮನೆ ಯಲ್ಲಾಪುರ ತಾಲೂಕು. ಅಡಿಕೆ ಸುಲಿಯೋ ಯಂತ್ರವನ್ನ ಬಾಡಿಗೆಗೆ ಒಯ್ಯೋದು ಅವನ ಉದ್ಯೋಗ. ಸುಗ್ಗಿ ಬಂತು ಅಂದ್ರೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಅಂತ ಮೂರೂ ತಾಲೂಕಿನ ಮನೆ ಮನೆ ಅಂಗಳಕ್ಕೆ ಯಂತ್ರ ಹೋಗಬೇಕು. ಒಂದು ಹಳೇ ಪಿಕಪ್, ಅದರ ಹಿಂದೆ ಒಂದು ಸಣ್ಣ ಟ್ರೇಲರ್. ಯಂತ್ರ, ಜನರೇಟರ್ ಎಲ್ಲ ಸೇರಿ ಹಿಂದಿನ ಭಾರ ಒಂದು ಟನ್ ಹತ್ತಿರ.

ನಮ್ಮೂರ ಕಡೆ ಟ್ರೇಲರ್‌ಗೆ ಬ್ರೇಕ್ ಅಂದ್ರೆ ಜನ ನಗ್ತಾರೆ. ಟ್ರ್ಯಾಕ್ಟರ್ ಟ್ರಾಲಿ ನೋಡಿ, ನಾನು ಹತ್ತಿರದಿಂದ ನೋಡಿದ ಒಂದರಲ್ಲೂ ಬ್ರೇಕ್ ಇರಲಿಲ್ಲ. ಮುಂದಿನದು ನಿಂತ್ರೆ ಹಿಂದಿನದೂ ನಿಲ್ಲುತ್ತೆ ಅನ್ನೋ ನಂಬಿಕೆ. ಆದ್ರೆ ಭಾವನಿಗೆ ಘಟ್ಟ ಇಳಿದು ಕೆಳಗಿನ ತೋಟಗಳಿಗೂ ಹೋಗೋದಿತ್ತು. ಕಾರವಾನ್ ಮಾಡೋರೊಬ್ಬರು ಬಿಟ್ಟ ಒಂದು ಆಕ್ಸಲ್ ಬೆಂಗಳೂರಲ್ಲಿ ಸಿಕ್ತು, ಕರೆಂಟಿನ ಬ್ರೇಕ್ ಇರೋದು. ಜೊತೆಗೆ ಡ್ಯಾಶ್‌ಬೋರ್ಡ್ ಕೆಳಗೆ ಕೂರಿಸೋ ಕಂಟ್ರೋಲರ್. ಒಂದು ಗ್ಯಾರೇಜಲ್ಲಿ ವೈರಿಂಗ್ ಮಾಡಿಸಿದ. ಗ್ಯಾರೇಜಿನ ಹೆಸರು ಬೇಡ. ಅವರು ಮೋಸ ಮಾಡಿದೋರಲ್ಲ, ಅಂಥದ್ದನ್ನ ಮುಂಚೆ ನೋಡಿರಲಿಲ್ಲ ಅಷ್ಟೇ.

ಅವರು ಮಾಡಿದ್ದಿಷ್ಟು. ಕಂಟ್ರೋಲರ್‌ಗೆ ಬೇಕಾದ ಕರೆಂಟನ್ನ ಫ್ಯೂಸ್ ಬಾಕ್ಸಿನಿಂದ, ಹಾರ್ನಿಗೆ ಹೋಗೋ ಲೈನಿಂದಲೇ ಎಳೆದ್ರು. ವೈರು ತೆಳ್ಳಗಿನದು, ಲೈಟಿಗೆ ಹಾಕೋ ಥರದ್ದು. ಆ ಲೈನಲ್ಲಿದ್ದದ್ದು 10 ಆಂಪಿಯರ್‌ನ ಕೆಂಪು ಫ್ಯೂಸ್. ಬ್ರೇಕ್ ಒತ್ತಿದಾಗಲೇ ಹಾರ್ನ್ ಹೊಡೆದ್ರೆ ಫ್ಯೂಸ್ ಹೋಗೋಕೆ ಶುರುವಾಯ್ತು. ತಿರುವಲ್ಲಿ ನಾವು ಮಾಡೋದು ಅದನ್ನೇ ತಾನೆ? ಬ್ರೇಕೂ ಒತ್ತೋದು, ಹಾರ್ನೂ ಹೊಡೆಯೋದು. ಎರಡು ಸಲ ಫ್ಯೂಸ್ ಹೋದ ಮೇಲೆ ಮೂರನೇ ಸಲಕ್ಕೆ 30ರ ಹಸಿರು ಫ್ಯೂಸ್ ಬಂತು. "ಇನ್ನು ಹೋಗೂದಿಲ್ಲ ತಗೊಳ್ಳಿ" ಅಂದ್ರಂತೆ.

ಹೌದು, ಫ್ಯೂಸ್ ಹೋಗಲಿಲ್ಲ. ವೈರ್ ಹೋಯ್ತು.

ಫೆಬ್ರವರಿ, ಸಂಜೆ ಹೊತ್ತು. ಅರೆಬೈಲು ಘಟ್ಟ ಅರ್ಧ ಇಳಿದಾಗಿತ್ತು. ಡ್ಯಾಶ್‌ಬೋರ್ಡ್ ಕೆಳಗಿಂದ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು, ಕಂಟ್ರೋಲರಿನ ದೀಪ ಆರಿಹೋಯ್ತು, ಮುಂದಿನ ತಿರುವಲ್ಲಿ ಹಿಂದಿನ ಒಂದು ಟನ್ ಪಿಕಪ್ಪನ್ನ ನೂಕೋಕೆ ಶುರುಮಾಡ್ತು. ಭಾವ ಸೆಕೆಂಡಿಗೆ ಇಳಿಸಿದ, ಫಸ್ಟಿಗೆ ಇಳಿಸಿದ, ಕೊನೆಗೆ ಧರೆ ಕಡೆಯ ಚರಂಡಿಗೆ ಗಾಡಿ ಹಾಕಿದ. ಇನ್ನೊಂದು ಬದಿ ಕಣಿವೆ. ಎದುರಿಂದ ಆ ಹೊತ್ತಲ್ಲಿ ಯಾವ ಲಾರಿಯೂ ಬರಲಿಲ್ಲ. ಟ್ರೇಲರಿನ ಮೂಕಿ ಡೊಂಕಾಯ್ತು, ಭಾವನ ಹಣೆ ಒಡೀತು, ಅಷ್ಟಕ್ಕೇ ಮುಗೀತು.

ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿಸ್ಕೊಂಡು ಅವನು ನಂಗೆ ಹೇಳಿದ ಮೊದಲ ಮಾತು: "ಕೂಸೇ, ಬ್ರೇಕ್ ಹೋದದ್ದು ಎಂಗೆ ಗೊತ್ತೇ ಆಜಿಲ್ಲೆ."

ನನ್ನ ತಲೆಯಲ್ಲಿ ಉಳಿದದ್ದು ಈ ಮಾತು. ಕೆಟ್ಟುಹೋದ ಬ್ರೇಕ್ ತಾನು ಕೆಟ್ಟಿದ್ದೀನಿ ಅಂತ ಯಾಕೆ ಹೇಳೋದಿಲ್ಲ?

ಈಗ ಸುಮಾರು 160 ವರ್ಷ ಹಿಂದಕ್ಕೆ ಹೋಗೋಣ. ಘಟ್ಟ ಅದೇ, ಗಾಡಿ ಬೇರೆ.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗುತ್ತೆ. ಇಂಗ್ಲೆಂಡಿನ ಲ್ಯಾಂಕಶೈರ್ ಗಿರಣಿಗಳಿಗೆ ಅಮೆರಿಕದ ಹತ್ತಿ ನಿಂತುಹೋಗುತ್ತೆ. ಆಗ ಮ್ಯಾಂಚೆಸ್ಟರ್‌ನೋರ ಕಣ್ಣು ಬಿದ್ದದ್ದು ಧಾರವಾಡ ಸೀಮೆಯ ಮೇಲೆ. ಅಲ್ಲಿ ಹತ್ತಿ ಇದೆ, ಆದ್ರೆ ಹಡಗು ಇರೋದು ಸಮುದ್ರದಲ್ಲಿ. ನಡುವೆ ನಮ್ಮ ಸಹ್ಯಾದ್ರಿ. ಹತ್ತಿ ಕುಮಟಾ ಬಂದರಿಂದ ಹೋಗ್ತಿದ್ದ ಕಾರಣಕ್ಕೆ ಲಿವರ್‌ಪೂಲ್ ಮಾರುಕಟ್ಟೆಯಲ್ಲಿ ಆ ಹತ್ತಿಗೆ 'ಕೂಮ್ಟಾ' ಅಂತಲೇ ಹೆಸರು. ಕುಮಟಾದಲ್ಲಿ ಹತ್ತಿ ಬೆಳೆಯೋಲ್ಲ ಅನ್ನೋದು ಬೇರೆ ಮಾತು. ಕೊಳ್ಳೋನಿಗೆ ಬಂದರಿನ ಹೆಸರೇ ಮಾಲಿನ ಹೆಸರು. ನಮ್ಮ ಕಾಮರ್ಸ್ ಕ್ಲಾಸಲ್ಲಿ ಬ್ರ್ಯಾಂಡಿಂಗ್ ಅಂತ ಪಾಠ ಮಾಡ್ತಿದ್ರು, ಈ ಉದಾಹರಣೆ ಯಾರೂ ಕೊಡಲಿಲ್ಲ.

ಈ ಹತ್ತಿಗೋಸ್ಕರ ಒಂದು ಜಿಲ್ಲೆಯೇ ಪ್ರಾಂತ್ಯ ಬದಲಾಯಿಸ್ತು. ಮದ್ರಾಸಿಗೆ ಸೇರಿದ್ದ ಉತ್ತರ ಕನ್ನಡ 1862ರಲ್ಲಿ ಮುಂಬೈ ಪ್ರಾಂತ್ಯಕ್ಕೆ ಹೋಯ್ತು. ಕಾರವಾರದ ಹತ್ತಿರ, ಸದಾಶಿವಗಡದ ಕಡೆ ಬಂದರು ಬೇಕು, ಅಲ್ಲಿಗೆ ಹತ್ತಿಹೊಲದಿಂದ ರಸ್ತೆ ಬೇಕು ಅಂತ ಹತ್ತಿ ವ್ಯಾಪಾರಿಗಳು ಹಾಕಿದ ಒತ್ತಡ ಅದರ ಹಿಂದೆ ಇತ್ತು. ಮ್ಯಾಂಚೆಸ್ಟರ್ ಕಾಟನ್ ಕಂಪನಿ ಅಂತ ಒಂದು 1860ರಲ್ಲಿ ಹುಟ್ಟಿ, ಯಂತ್ರಗಳನ್ನೆಲ್ಲ ಹಡಗಲ್ಲಿ ಕಳಿಸಿ, ಇಲ್ಲಿ ರಸ್ತೆಯೂ ಬಂದರೂ ತಯಾರಾಗದೆ ಕೆಲವೇ ವರ್ಷಗಳಲ್ಲಿ ಮುಚ್ಚಿಹೋಯ್ತು. ಕಂಪನಿ ಹೋಯ್ತು, ರಸ್ತೆಗಳು ಉಳಿದವು. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ, ಯಲ್ಲಾಪುರದಿಂದ ಅರೆಬೈಲು ಇಳಿದು ಅಂಕೋಲಾ, ಕಾರವಾರಕ್ಕೆ. ನಾವು ಇವತ್ತು ವಾಂತಿ ತಡ್ಕೊಂಡು ಬಸ್ಸಲ್ಲಿ ಇಳಿಯೋ ತಿರುವುಗಳಿಗೆ ಹತ್ತಿಯ ಋಣ ಇದೆ.

ಈಗ ಗಾಡಿ ನೋಡಿ. ಏರಿನಲ್ಲಿ ಎತ್ತಿನ ಕಷ್ಟ ಎಲ್ಲರಿಗೂ ಕಾಣುತ್ತೆ. ಇಳಿಜಾರಿನ ಕಷ್ಟ ಕಾಣೋದಿಲ್ಲ. ಇಳಿಯುವಾಗ ಎತ್ತು ಗಾಡಿಯನ್ನ ಎಳೆಯೋದೇ ಇಲ್ಲ, ಗಾಡಿ ಎತ್ತನ್ನ ನೂಕುತ್ತೆ. ನೊಗ ಮುಂದಕ್ಕೆ ಜಾರಿ ಕೋಡಿನ ಬುಡಕ್ಕೆ ಬರುತ್ತೆ, ಎತ್ತಿನ ಕಾಲು ಜಾರಿತೋ ಮೇಲೆ ಹತ್ತಿಯ ಅಂಡಿಗೆಗಳ ಸಮೇತ ಗಾಡಿ. ಅದಕ್ಕೇ ಗಾಡಿಗೆ ಬ್ರೇಕ್ ಇತ್ತು. ಅಡ್ಡಕ್ಕೆ ಒಂದು ಮರದ ದಿಮ್ಮಿ, ಹಗ್ಗ ಬಿಗಿದ್ರೆ ಅದು ಗಾಲಿಯ ಕಬ್ಬಿಣದ ಪಟ್ಟಿಗೆ ಹೋಗಿ ಒತ್ತುತ್ತೆ. ಅಷ್ಟೇ ತಂತ್ರ. ಹಗ್ಗ ಹರಿದ್ರೆ? ಹರಿದದ್ದು ಕಣ್ಣಿಗೆ ಕಾಣುತ್ತೆ. ಗಾಡಿಯವನು ಇಳಿದು ಗಾಲಿಗೆ ಕಲ್ಲು ಕೊಡ್ತಾನೆ. ನಿಧಾನದ ವೇಗದಲ್ಲಿ ಕಲ್ಲೇ ಎರಡನೇ ಬ್ರೇಕ್.

ತೇರು ನೋಡಿದೀರಲ್ಲ? ರಥಕ್ಕೆ ಸ್ಟೇರಿಂಗೂ ಇಲ್ಲ, ಬ್ರೇಕೂ ಇಲ್ಲ. ಗಾಲಿಯ ಬುಡದಲ್ಲಿ ಮರದ ಅಡ್ಡೆ ಹಿಡ್ಕೊಂಡು ಓಡೋ ಜನ ಇರ್ತಾರೆ, ಅವರೇ ಎರಡೂ. ಸಾವಿರ ಜನ ಎಳೀತಾರೆ, ನಿಲ್ಲಿಸೋ ಕೆಲಸ ನಾಲ್ಕೇ ಜನರದ್ದು. ಫೋಟೋದಲ್ಲಿ ಅವರು ಇರೋದಿಲ್ಲ.

ಇನ್ನೊಂದು ಮಾತು ಹೇಳದೆ ಮುಂದೆ ಹೋಗೋಕೆ ಮನಸ್ಸಿಲ್ಲ. 2025ರ ಜನವರಿ 22ರ ಬೆಳಗಿನ ಜಾವ, ಸವಣೂರಿಂದ ಕುಮಟಾ ಸಂತೆಗೆ ತರಕಾರಿ, ಹಣ್ಣು ತುಂಬಿಕೊಂಡು ಹೊರಟ ಲಾರಿ ಇದೇ ಅರೆಬೈಲು ಹಾದಿಯಲ್ಲಿ, ಗುಳ್ಳಾಪುರದ ಹತ್ತಿರ ಕಣಿವೆಗೆ ಬಿತ್ತು. ಮಾಲಿನ ಮೇಲೆ ಕೂತಿದ್ದ ವ್ಯಾಪಾರಿಗಳಲ್ಲಿ ಕನಿಷ್ಠ 10 ಜನ ತೀರಿಕೊಂಡ್ರು. ಇನ್ನೊಂದು ವಾಹನಕ್ಕೆ ದಾರಿ ಬಿಡೋಕೆ ಹೋಗಿ ಆದದ್ದು ಅಂತ ಪೊಲೀಸರು ಹೇಳಿದ್ರು. ಬ್ರೇಕಿನ ಕತೆ ಅಲ್ಲ ಅದು. ಆದ್ರೆ ಆ ಹಾದಿ ನೋಡಿ: ಧಾರವಾಡ ಸೀಮೆಯಿಂದ ಘಟ್ಟ ಇಳಿದು ಕುಮಟಾಕ್ಕೆ. ಹತ್ತಿ ಇಳಿದದ್ದೂ ಆ ಸೀಮೆಯಿಂದ ಇದೇ ಊರಿಗೇ.

ಈಗ ರೈಲಿಗೆ ಬರೋಣ. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರಕ್ಕೂ ಇವತ್ತಿಗೂ ರೈಲಿಲ್ಲ, ಅದು ಬೇರೆ ಸಂಚಿಕೆಗೆ ಆಗುವಷ್ಟಿದೆ. ಆದ್ರೆ ನಮ್ಮದೇ ಜಿಲ್ಲೆಯ ಜೋಯಿಡಾ ತಾಲೂಕಿನ ಕ್ಯಾಸಲ್‌ರಾಕ್‌ನಿಂದ ಗೋವಾಕ್ಕೆ ಘಟ್ಟ ಇಳಿಯೋ ರೈಲು 1888ರಲ್ಲೇ ಓಡಿತು. ಬ್ರಗಾಂಝಾ ಘಟ್ಟ ಅಂತಾರೆ, ದೂಧಸಾಗರ ಜಲಪಾತದ ಮುಂದೆ ಹಾದುಹೋಗುತ್ತಲ್ಲ, ಅದೇ. 37 ಅಡಿ ಹೋದ್ರೆ 1 ಅಡಿ ಇಳಿಯುತ್ತೆ. ರೈಲಿಗೆ ಇದು ಭಯಂಕರ ಇಳಿಜಾರು. ಹುಬ್ಬಳ್ಳಿ ಕಡೆಯ ಸರಕು ರೈಲು ಹತ್ತಿದ ಮೇಲೆ ನಮ್ಮ ಘಟ್ಟದ ಹತ್ತಿಗಾಡಿಗಳ ಕಾಲ ಮುಗೀತಾ ಬಂತು.

ರೈಲಿನಲ್ಲಿ ಪ್ರಶ್ನೆ ದೊಡ್ಡದಾಯ್ತು. ಎಂಜಿನ್ ಒಂದು, ಹಿಂದೆ 20 ಡಬ್ಬಿ. ಮೊದಮೊದಲು ಅಲ್ಲಲ್ಲಿ ಬ್ರೇಕ್ಸ್‌ಮನ್ ಕೂತು ಡ್ರೈವರ್ ಸೀಟಿ ಹೊಡೆದಾಗ ಕೈಚಕ್ರ ತಿರುಗಿಸ್ತಿದ್ದ. 1869ರಲ್ಲಿ ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್ ಗಾಳಿಯ ಬ್ರೇಕಿಗೆ ಪೇಟೆಂಟ್ ತಗೊಂಡ. ಎಂಜಿನ್ನಿಂದ ಕೊಳವೆಯಲ್ಲಿ ಒತ್ತಡದ ಗಾಳಿ ಕಳಿಸಿದ್ರೆ ಎಲ್ಲ ಡಬ್ಬಿಗೂ ಬ್ರೇಕ್ ಬೀಳುತ್ತೆ. ಚೆನ್ನಾಗಿದೆ. ಆದ್ರೆ ಕೊಳವೆ ಹರಿದ್ರೆ ಬ್ರೇಕೇ ಇಲ್ಲ. ಹರಿದದ್ದು ಡ್ರೈವರಿಗೆ ಗೊತ್ತಾಗೋದು ಬ್ರೇಕ್ ಬೇಕಾದಾಗಲೇ. ಭಾವನ ಕತೆಯೇ ಅದು.

ಮೂರು ವರ್ಷ ಬಿಟ್ಟು ಅದೇ ಮನುಷ್ಯ ಯೋಚನೆಯನ್ನೇ ತಿರುಗಿಸಿದ. ಗಾಳಿ ಬ್ರೇಕ್ ಹಾಕೋದು ಬೇಡ, ಗಾಳಿಯ ಒತ್ತಡ ಬ್ರೇಕನ್ನ ಬಿಡಿಸಿ ಇಟ್ಟಿರಲಿ. ಪ್ರತಿ ಡಬ್ಬಿಯಲ್ಲೂ ಒಂದು ಗಾಳಿ ಟ್ಯಾಂಕ್. ಮುಖ್ಯ ಕೊಳವೆಯಲ್ಲಿ ಒತ್ತಡ ಇಳಿದ್ರೆ, ಡ್ರೈವರ್ ಬೇಕಂತ ಇಳಿಸಿದ್ರೂ ಸರಿ, ಕೊಳವೆ ತುಂಡಾಗಿ ಇಳಿದ್ರೂ ಸರಿ, ಟ್ಯಾಂಕಿನ ಗಾಳಿ ಹೋಗಿ ಬ್ರೇಕ್ ಒತ್ತುತ್ತೆ. ಕೆಟ್ಟರೆ ನಿಲ್ಲುತ್ತೆ. ರೈಲಲ್ಲಿ ಚೈನ್ ಎಳೀತಾರಲ್ಲ, ಅದು ಇದೇ: ಚೈನ್ ಕೊಳವೆಯ ಬಾಯಿ ತೆರೆಯುತ್ತೆ, ರೈಲಿಗೆ ತಾನು ಕೆಟ್ಟಿದ್ದೀನಿ ಅನ್ನಿಸುತ್ತೆ, ಬ್ರೇಕ್ ತಾನಾಗಿ ಬೀಳುತ್ತೆ. ನಮ್ಮ ದೊಡ್ಡ ಲಾರಿಗಳದ್ದೂ ಹೀಗೇ. ಬೆಳಿಗ್ಗೆ ಡ್ರೈವರ್ ಎಂಜಿನ್ ಶುರುಮಾಡಿ ಸುಮ್ನೆ ಕಾಯ್ತಿರ್ತಾನೆ ನೋಡಿ, ಗಾಳಿ ತುಂಬೋದನ್ನ ಕಾಯೋದು ಅದು. ಒಳಗಿನ ಸ್ಪ್ರಿಂಗ್ ಬ್ರೇಕ್ ಒತ್ತಿ ಹಿಡಿದಿರುತ್ತೆ, ಗಾಳಿ ತುಂಬಿದ ಮೇಲೇ ಗಾಡಿ ಅಲ್ಲಾಡೋದು.

ಇಷ್ಟು ಒಳ್ಳೆ ಉಪಾಯ 1872ರಲ್ಲೇ ಇದ್ದೂ ಎಲ್ಲರೂ ಹಾಕಿಸ್ಕೊಳ್ಳಲಿಲ್ಲ, ಖರ್ಚು ಅಂತ. ಖರ್ಚಿನ ಲೆಕ್ಕ ಹೇಗೆ ಮುಗೀತು ಗೊತ್ತಾ? 1889ರ ಜೂನ್ 12. ಐರ್ಲೆಂಡಿನ ಆರ್ಮಾ ಅನ್ನೋ ಊರು. ಸಂಡೇ ಸ್ಕೂಲ್ ಮಕ್ಕಳನ್ನ ಸಮುದ್ರ ತೋರಿಸೋಕೆ ಕರ್ಕೊಂಡು ಹೊರಟ ರೈಲು ಏರಿನಲ್ಲಿ ನಿಂತುಹೋಯ್ತು. ಅರ್ಧ ರೈಲನ್ನ ಮೊದಲು ಮೇಲಕ್ಕೆ ಒಯ್ಯೋಣ ಅಂತ ಹಿಂದಿನ ಡಬ್ಬಿಗಳನ್ನ ಬಿಚ್ಚಿದ್ರು. ಅದರ ಬ್ರೇಕ್ ಹಳೇ ಥರದ್ದು, ಎಂಜಿನ್ನಿಂದ ಬೇರೆಯಾದ ಕೂಡ್ಲೆ ಬ್ರೇಕ್ ಸತ್ತಂತೆ. ಹಿಂದಿನ ಡಬ್ಬಿಗಳನ್ನ ಹಿಡಿದದ್ದು ಒಂದು ಕೈ ಬ್ರೇಕು, ಗಾಲಿಗೆ ಕೊಟ್ಟ ಕಲ್ಲುಗಳು. ಹೌದು, ನಮ್ಮ ಗಾಡಿಯವನ ಕಲ್ಲೇ! ಮುಂದಿನ ಭಾಗ ಹೊರಡುವಾಗ ಸ್ವಲ್ಪ ಹಿಂದಕ್ಕೆ ತಗುಲಿತು, ಕಲ್ಲು ಪುಡಿಯಾಯ್ತು, ಡಬ್ಬಿಗಳು ಇಳಿಜಾರಲ್ಲಿ ಓಡಿ ಹಿಂದೆ ಬರ್ತಿದ್ದ ರೈಲಿಗೆ ಹೊಡೆದವು. ಸುಮಾರು 80 ಸಾವು, ಅದರಲ್ಲಿ ಮಕ್ಕಳೂ ಇದ್ರು. ಅದೇ ವರ್ಷ ಬ್ರಿಟನ್ನಿನಲ್ಲಿ ಕಾನೂನು ಬಂತು: ಪ್ರಯಾಣಿಕರ ರೈಲಿಗೆ, ತುಂಡಾದರೆ ತಾನಾಗಿ ಬೀಳೋ ಬ್ರೇಕೇ ಇರಬೇಕು.

ಇಲ್ಲಿ ಒಂದು ಸಣ್ಣ ಲೆಕ್ಕ. ಒಂದು ಟನ್ ಭಾರ 500 ಮೀಟರ್ ಎತ್ತರದಿಂದ ಕೆಳಗಿಳಿಯುತ್ತೆ ಅಂದ್ಕೊಳ್ಳಿ. ಬಿಡುಗಡೆಯಾಗೋ ಶಕ್ತಿ ಸುಮಾರು 49 ಲಕ್ಷ ಜೂಲ್. ಕರೆಂಟ್ ಬಿಲ್ಲಿನ ಭಾಷೆಯಲ್ಲಿ ಒಂದು ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ. ಸುಮಾರು 15 ಲೀಟರ್ ತಣ್ಣೀರು ಕುದಿಸೋಕೆ ಸಾಕು. ಟ್ರೇಲರ್‌ಗೆ ಬ್ರೇಕ್ ಇಲ್ಲದಿದ್ರೆ ಆ ಬಕೆಟ್ ಬಿಸಿನೀರಿನ ಶಾಖವೂ ಹೋಗೋದು ಪಿಕಪ್ಪಿನ ಬ್ರೇಕಿಗೆ ಮತ್ತು ಎಂಜಿನ್ನಿಗೆ. ತನ್ನ ಭಾರದ್ದು ಬೇರೆ ಇದ್ದೇ ಇದೆ. ಗೇರಿನಲ್ಲಿ ಇಳೀರಿ ಅಂತ ಹಿರಿಯರು ಬಯ್ಯೋದು ಅದಕ್ಕೆ.

ಸರಿ, ಕರೆಂಟಿನ ಬ್ರೇಕ್. ಅಮೆರಿಕದಲ್ಲಿ ಕಾರಿನ ಹಿಂದೆ ಟ್ರೇಲರ್ ಕಟ್ಟೋದು ಹೆಚ್ಚಾದಂತೆ, 1920ರ ದಶಕದ ಕೊನೆಯ ಹೊತ್ತಿಗೆ, ಸ್ಪೀಡೋಮೀಟರ್ ಮಾಡಿ ದುಡ್ಡು ಮಾಡಿದ್ದ ಎ.ಪಿ. ವಾರ್ನರ್ ಅನ್ನೋರು ಇದಕ್ಕೆ ಕೈ ಹಾಕಿದ್ರು. ಗಾಲಿಯ ಡ್ರಮ್ ಒಳಗೆ ಒಂದು ವಿದ್ಯುತ್ ಅಯಸ್ಕಾಂತ. ಕರೆಂಟ್ ಬಿಟ್ಟರೆ ಅದು ತಿರುಗೋ ಡ್ರಮ್ಮಿಗೆ ಅಂಟ್ಕೊಳ್ಳೋಕೆ ನೋಡುತ್ತೆ, ಆ ಎಳೆತಕ್ಕೆ ಒಂದು ಸನ್ನೆಕೋಲು ಸರಿದು ಬ್ರೇಕ್ ಶೂಗಳನ್ನ ಒತ್ತುತ್ತೆ. ಜಾಣ ಉಪಾಯ, ಡ್ರಮ್ಮಿನ ಓಟವೇ ಡ್ರಮ್ಮನ್ನ ನಿಲ್ಲಿಸೋ ಬಲ ಕೊಡುತ್ತೆ. ಒಂದು ಗಾಲಿಗೆ ಸುಮಾರು 3 ಆಂಪಿಯರ್ ಸಾಕು. ಎಷ್ಟು ಕರೆಂಟ್ ಬಿಡಬೇಕು ಅಂತ ನಿರ್ಧರಿಸೋದೇ ಕಂಟ್ರೋಲರ್.

ಆದ್ರೆ ಗಮನಿಸಿದ್ರಾ? ಇದು ವೆಸ್ಟಿಂಗ್‌ಹೌಸನ ಮೊದಲ ಬ್ರೇಕು. ಕರೆಂಟ್ ಇದ್ರೆ ಬ್ರೇಕ್, ಕರೆಂಟ್ ಹೋದ್ರೆ ಇಲ್ಲ. 1872ರಲ್ಲಿ ಕಲಿತ ಪಾಠವನ್ನ ಸಣ್ಣ ಟ್ರೇಲರ್‌ಗಳು ಹಗುರ, ಅಗ್ಗ ಅನ್ನೋ ಕಾರಣಕ್ಕೆ ಅರ್ಧ ಮರೆತವು. ಅರ್ಧ ಅಂದೆ, ಯಾಕಂದ್ರೆ ಉಳಿದರ್ಧವನ್ನ ಬೇರೆ ರೀತಿ ತುಂಬಿದ್ರು. ಟ್ರೇಲರ್ ಮೇಲೇ ಒಂದು ಪುಟ್ಟ ಬ್ಯಾಟರಿ, ಒಂದು ಪಿನ್, ಪಿನ್ನಿಂದ ಪಿಕಪ್ಪಿಗೆ ಒಂದು ತಂತಿ. ಕೊಂಡಿ ಕಳಚಿ ಟ್ರೇಲರ್ ಬೇರೆಯಾದ್ರೆ ಪಿನ್ ಕಿತ್ತುಬರುತ್ತೆ, ಪುಟ್ಟ ಬ್ಯಾಟರಿ ಪೂರ್ತಿ ಕರೆಂಟ್ ಕೊಟ್ಟು ಗಾಲಿ ಕಟ್ಟಿಹಾಕುತ್ತೆ. ಅಮೆರಿಕದ ನಿಯಮದಲ್ಲಿ ಅದು ಕನಿಷ್ಠ 15 ನಿಮಿಷ ಹಿಡಿದಿರಬೇಕು. ಭಾವನ ಆಕ್ಸಲ್ ಜೊತೆ ಈ ಪಿನ್ನೂ ಬಂದಿತ್ತು. ಗ್ಯಾರೇಜಿನೋರು ಅದನ್ನ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಇಟ್ಟು ಕೊಟ್ಟಿದ್ರು, "ಇದೊಂದು ಉಳೀತು" ಅಂತ.

ಇನ್ನು ಫ್ಯೂಸ್. ನಮ್ಮನೆಯಲ್ಲಿ ಮಳೆಗಾಲದ ರಾತ್ರಿ ಫ್ಯೂಸ್ ಹೋದ್ರೆ ಅಪ್ಪ ಟಾರ್ಚ್ ನನ್ನ ಕೈಗೆ ಕೊಟ್ಟು, ಬಿಳಿ ಪಿಂಗಾಣಿಯ ಕಟೌಟ್ ಕಿತ್ತು, ಹಳೇ ವೈರಿನ ಎಳೆ ಬಿಡಿಸಿ ಸುತ್ತೋರು. ಒಂದು ಎಳೆ ಸಾಕಾಗದಿದ್ರೆ ಎರಡು, ಮೂರು. ಗಟ್ಟಿ ಕಟ್ಟಿದಷ್ಟೂ ಒಳ್ಳೇದು ಅನ್ನೋ ಲೆಕ್ಕ. ಆ ಹಸಿರು ಫ್ಯೂಸನ್ನ ಹಾಕಿದ್ದು ಇದೇ ಬುದ್ಧಿ. ಹಾಗಾಗಿ ಗ್ಯಾರೇಜಿನೋರನ್ನ ಬಯ್ಯೋಕೆ ನನಗೆ ಬಾಯಿಲ್ಲ.

ಫ್ಯೂಸ್ ಹುಟ್ಟಿದ್ದು ಬೇರೆ ಕೆಲಸಕ್ಕೆ. 1847ರಲ್ಲಿ ಫ್ರಾನ್ಸಿನ ಬ್ರೆಗೆ ಅನ್ನೋರು, ಸಿಡಿಲಿಂದ ಟೆಲಿಗ್ರಾಫ್ ಕಚೇರಿ ಉಳಿಸೋಕೆ ಲೈನಿನಲ್ಲಿ ಒಂದು ತುಂಡು ತೆಳ್ಳಗಿನ ತಂತಿ ಹಾಕಿ ಅಂದ್ರು. ಸಿಡಿಲು ಬಂದ್ರೆ ಅದು ಕರಗಲಿ, ಉಳಿದದ್ದು ಉಳಿಯಲಿ. ಆಮೇಲೆ ಎಡಿಸನ್ ತನ್ನ ದೀಪದ ವ್ಯವಸ್ಥೆಗೆ ಇದನ್ನೇ ಸೇರಿಸಿದ. ಬೇಕಂತಲೇ ದುರ್ಬಲ ಮಾಡಿದ ಜಾಗ ಅದು. ಅಲ್ಲಿ ಬಲ ತುಂಬಿದ್ರೆ ದುರ್ಬಲ ಜಾಗ ಇಲ್ಲವಾಗೋದಿಲ್ಲ, ಬೇರೆ ಕಡೆ ಹೋಗುತ್ತೆ. ಭಾವನ ಪಿಕಪ್ಪಲ್ಲಿ ಆ ತೆಳ್ಳಗಿನ ವೈರೇ ಫ್ಯೂಸ್ ಆಯ್ತು. ಇವತ್ತಿನ ಪ್ಲಾಸ್ಟಿಕ್ ಫ್ಯೂಸ್ 1970ರ ದಶಕದ್ದು, ಬಣ್ಣಕ್ಕೊಂದು ಅಂಕಿ: ಕೆಂಪು 10, ನೀಲಿ 15, ಹಳದಿ 20, ಹಸಿರು 30. ಆ ಅಂಕಿ ವೈರು ಎಷ್ಟು ತಡೆಯುತ್ತೆ ಅನ್ನೋದಕ್ಕೆ ಹೊಂದಬೇಕು, ನಮಗೆಷ್ಟು ಬೇಕು ಅನ್ನೋದಕ್ಕಲ್ಲ.

ಶಿರಸಿಯಲ್ಲಿ ಒಬ್ಬರು ಹಿರಿಯ ಆಟೋ ಎಲೆಕ್ಟ್ರಿಷಿಯನ್ ಸಿಕ್ಕಿದ್ರು. ಸುಟ್ಟ ವೈರ್ ಮೂಸಿ ನೋಡಿ, "ತಂಗೀ, ಇದು ಬ್ರೇಕಿಗೆ ಹಾಕೋ ವೈರಲ್ಲ, ಸರದ ದೀಪಕ್ಕೆ ಹಾಕೋದು" ಅಂದ್ರು. ಎಲ್ಲ ಕಿತ್ತು ಹೊಸದು ಹಾಕಿದ್ರು. ನಾನು ಪಕ್ಕದಲ್ಲಿ ಸ್ಟೂಲ್ ಹಾಕ್ಕೊಂಡು ಕೂತು ಬರ್ಕೊಂಡೆ. ಕಂಟ್ರೋಲರಿನ ಕಪ್ಪು ವೈರ್ ಫ್ಯೂಸ್ ಬಾಕ್ಸಿಗಲ್ಲ, ನೇರ ಬ್ಯಾಟರಿಗೆ, 4 ಚದರ ಮಿಲಿಮೀಟರಿನ ದಪ್ಪ ವೈರಲ್ಲಿ. ಬಿಳಿದು ಅರ್ಥಿಂಗ್, ಅದೂ ಬ್ಯಾಟರಿಗೇ, ತುಕ್ಕು ಹಿಡಿದ ಬಾಡಿಗಲ್ಲ. ಕೆಂಪು ವೈರ್ ಬ್ರೇಕ್ ಲೈಟಿನ ಸ್ವಿಚ್ಚಿಗೆ, ಪೆಡಲ್ ಒತ್ತಿದಾಗ ಮಾತ್ರ ಕರೆಂಟ್ ಬರೋ ಬದಿಗೆ. ನೀಲಿ ವೈರ್ ಹಿಂದೆ ಟ್ರೇಲರ್ ಗಾಲಿಗೆ. ಇದು ಆ ಕಂಟ್ರೋಲರಿನ ಬಣ್ಣ, ನಿಮ್ಮದರ ಜೊತೆ ಬಂದ ಕಾಗದ ನೋಡ್ಕೊಳ್ಳಿ.

ಬ್ಯಾಟರಿಯಿಂದ ಒಂದು ಗೇಣು ದೂರದಲ್ಲೇ ಫ್ಯೂಸಿನ ಬದಲು 20 ಆಂಪಿಯರಿನ ಬ್ರೇಕರ್ ಕೂರಿಸಿದ್ರು. ತಾನಾಗಿ ಬಿಟ್ಟು ತಾನಾಗಿ ಹಿಡಿಯೋ ಥರದ್ದು. ಒಳಗೆ ಎರಡು ಲೋಹ ಅಂಟಿಸಿದ ಪಟ್ಟಿ, ಬಿಸಿಯಾದ್ರೆ ಬಾಗಿ ಬಿಡುತ್ತೆ, ತಣಿದ್ರೆ ಮತ್ತೆ ಕೂಡುತ್ತೆ. ಯಾಕೆ ಫ್ಯೂಸ್ ಅಲ್ಲ ಅಂತ ಕೇಳಿದೆ. "ಫ್ಯೂಸ್ ಹೋದ್ರೆ ಘಟ್ಟದ ನಡುವೆ ಇಳಿದು ಯಾರು ಹಾಕ್ತಾರೆ? ಇದು ನಾಲ್ಕು ಸೆಕೆಂಡ್ ಬಿಟ್ಟು ಬ್ರೇಕ್ ವಾಪಸ್ ಕೊಡ್ತದೆ" ಅಂದ್ರು. ವೈರ್ ಪೂರ್ತಿ ಶಾರ್ಟ್ ಆದ್ರೆ ಅದೂ ಬಿಡ್ತಾ ಹಿಡೀತಾ ಇರುತ್ತೆ, ಉಪಯೋಗಕ್ಕೆ ಬರೋದಿಲ್ಲ. ಆದ್ರೆ ಬೆಂಕಿ ಹತ್ತೋದಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಬ್ರೇಕ್ ಹೋದದ್ದು ಗೊತ್ತಾಗೋದು ಹೇಗೆ ಅನ್ನೋ ಭಾವನ ಪ್ರಶ್ನೆಗೆ ಅವರು ಕೊಟ್ಟ ಉತ್ತರ ಸರಳ. ಘಟ್ಟದ ತಲೆಗೆ ಬಂದಾಗ, ಇಳಿಯೋಕೆ ಮುಂಚೆ, ಸಮತಟ್ಟಿನಲ್ಲೇ ಕಂಟ್ರೋಲರಿನ ಕೈಗುಂಡಿ ಒಮ್ಮೆ ಒತ್ತೋದು. ಟ್ರೇಲರ್ ಹಿಂದಕ್ಕೆ ಜಗ್ಗಿತಾ? ಹೋಗು. ಜಗ್ಗಲಿಲ್ವಾ? ಅಲ್ಲೇ ನಿಲ್ಲು, ಚಾ ಕುಡಿ, ಫೋನ್ ಮಾಡು.

ಪಿನ್ ಪರೀಕ್ಷೆ ಅತ್ತೆ ಮನೆ ಅಂಗಳದಲ್ಲೇ ಆಯ್ತು. ಒಂದು ಮೂಲೆಯಲ್ಲಿ ಚಾಲಿ ಅಡಿಕೆ ಒಣಗ್ತಿತ್ತು. ಭಾವ ಪಿಕಪ್ ಶುರುಮಾಡಿ ಮೆಲ್ಲಗೆ ಮುಂದೆ ಹೊರಟ, ನಾನು ಪಿನ್ ಎಳೆದೆ. ಟ್ರೇಲರಿನ ಎರಡೂ ಗಾಲಿ ಕಚ್ಚಿ ನಿಂತು ಅಂಗಳದ ಸಗಣಿ ನೆಲದಲ್ಲಿ ಎರಡು ಗೆರೆ ಗೀರಿದವು.

ಅತ್ತೆ ಒಳಗಿಂದ ಬಂದು ಗೆರೆ ನೋಡಿ, ಎಂತ ಆತು ಅಂತ ಕೇಳಿದ್ಲು.

"ಎಂತೂ ಇಲ್ಲೆ ಆಯಿ," ಅಂದ ಭಾವ. "ಬ್ರೇಕ್ ಹಿಡತ್ತು."

[ಹಿನ್ನೆಲೆಯಲ್ಲಿ ಪಿಕಪ್ ಶಬ್ದ. ಸಂಚಿಕೆ ಮುಕ್ತಾಯ.]